ಮುಚ್ಚಿದ ಕಣ್ಣಿನ ಅಚ್ಚು

ಮೂರನೆಯ ಊರಿನಲ್ಲೂ ಅವಳು ಬಗ್ಗಿಯೇ ಇದ್ದಳು. ಮೊದಲನೆಯ ಊರಿನ ಮ್ಯೂಸಿಯಮ್ಮಿನಲ್ಲಿ ಹಿಟ್ಟು ನಾದುತ್ತಿದ್ದಳು, ಎರಡನೆಯದರಲ್ಲಿ ಗಾಯಗೊಂಡ ಸಿಪಾಯಿಯ ಕಾಲು ತೊಳೆಯುತ್ತಿದ್ದಳು, ಇಲ್ಲಿ ರಾಟೆಯ ಮುಂದೆ ಕೂತು ನೂಲು ತೆಗೆಯುತ್ತಿದ್ದಳು. ಪ್ಲಾಸ್ಟರಿನ ಗೊಂಬೆ, ಸರಿ. ಆದರೆ ಮುಖ ಅವಳದೇ. ಚಪ್ಪಟೆ ಮೂಗು ಅವಳದು, ಮೇಲ್ದುಟಿಯ ಎಡಗಡೆಯ ಉಬ್ಬು ಅವಳದು, ಚಿಕ್ಕವಳಿದ್ದಾಗ ಸೈಕಲ್ಲಿನಿಂದ ಬಿದ್ದು ಗದ್ದದ ಮೇಲೆ ಉಳಿದುಹೋದ ಗೀರು ಕೂಡ ಅವಳದೇ, ಅದನ್ನೂ ಯಾರೋ ಜೋಪಾನವಾಗಿ ಬಣ್ಣ ಬಳಿದು ಉಳಿಸಿದ್ದರು. ಯಾರೋ ಏನು, ಗಂಡನೇ. ಸಣ್ಣ ಊರುಗಳ ಮ್ಯೂಸಿಯಮ್ಮುಗಳಿಗೆ ಗೊಂಬೆ ಮಾಡಿಕೊಡುವುದು ಅವನ ಜೀವಮಾನದ ಕಸುಬಾಗಿತ್ತು. ಈಗ ಅವನು ನೋಡುವವರಿಗೆ ಅಡ್ಡ ಕಟ್ಟಿದ ಹಗ್ಗ ದಾಟಿ ಒಳಗೆ ಹೋಗಿ, ಬಣ್ಣದ ಪೆಟ್ಟಿಗೆ ಬಿಚ್ಚಿಕೊಂಡು, ನೂಲುವವಳ ಪಕ್ಕದಲ್ಲಿ ನಿಂತ ಕಮ್ಮಾರನ ಮೀಸೆ ತಿದ್ದುತ್ತಿದ್ದ. ಕಮ್ಮಾರ ಗಾಜಿನ ಕಣ್ಣು ಅಗಲಿಸಿ ಬಾಗಿಲ ಕಡೆ ನೋಡುತ್ತಿದ್ದ. ಅವಳು ಹಗ್ಗದ ಈಚೆ ನಿಂತು, ಅರವತ್ತು ದಾಟಿದ ಮೈಭಾರವನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತ, ಹೊಸ ಹೆಂಡತಿಯಾಗಿದ್ದಾಗಿನ ತನ್ನ ಮುಖದ ಮೇಲೆ ಕೂತ ಧೂಳನ್ನು ನೋಡಿದಳು. ರೆಪ್ಪೆಗಳು ಕೆಳಗಿಳಿದಿದ್ದವು. ಮೊದಲ ಊರಿನಲ್ಲೂ ಇಳಿದಿದ್ದವು, ಎರಡನೆಯದರಲ್ಲೂ. ಹಿಂದೆ ನಿಂತಿದ್ದ ನಾದಿನಿ ಅವಳ ಭುಜದ ಮೇಲಿಂದ ಇಣುಕಿ, "ಅತ್ತಿಗೆ, ನಿಮ್ಮನ್ನ ಒಂದು ಕಡೆಯಾದ್ರೂ ನೆಟ್ಟಗೆ ನಿಲ್ಲಿಸಿದಾನಾ ನಮ್ಮಣ್ಣ?" ಎಂದಳು. ಅವಳು ನಗಲಿಲ್ಲ. ಒಂದು ಕಡೆ ಇದೆ, ಎಂದುಕೊಂಡಳು. ಕೊನೆಯ ಊರಿನಲ್ಲಿ. ಅಲ್ಲಿ ತಾನು ರಾಣಿ.

ಮದುವೆಯಾದ ಹೊಸತು. ಬಾಡಿಗೆಯ ಒಂದೇ ಕೋಣೆ, ಮೂಲೆಯಲ್ಲಿ ಪ್ಲಾಸ್ಟರಿನ ಚೀಲಗಳು, ಊಟದ ತಟ್ಟೆಯಲ್ಲೂ ಹಾಸಿಗೆಯಲ್ಲೂ ಬಿಳಿ ಪುಡಿ. ಬಂದರಿನ ಊರಿನ ಮ್ಯೂಸಿಯಮ್ಮಿನವರು ಒಬ್ಬ ರಾಣಿಯನ್ನು ಮಾಡಿಕೊಡಿ ಎಂದಿದ್ದಾರೆ, ಶತ್ರುಗಳು ಕೋಟೆ ಮುತ್ತಿದಾಗ ಹಡಗು ಹತ್ತಿ ಹೊರಟ ರಾಣಿ, ಎಂದು ಗಂಡ ಹೇಳಿದ. ಹೇಳಿ, ಕೈಗೆ ಅಂಟಿದ ಪುಡಿ ಒರೆಸಿಕೊಂಡು, "ನಿನ್ನ ಮುಖ ಕೊಡ್ತೀಯಾ?" ಎಂದು ಕೇಳಿದ. ಹೇಗೆ ಕೇಳಿದ್ದ! ಅಂಥ ದನಿಯಲ್ಲಿ ಆಮೇಲೆ ಅವನು ಅವಳನ್ನು ಏನೂ ಕೇಳಿದ್ದಿಲ್ಲ. ಹಲಗೆಯ ಮೇಲೆ ಅಂಗಾತ ಮಲಗಿಸಿ, ಹುಬ್ಬಿಗೂ ಕೂದಲಂಚಿಗೂ ಜಿಡ್ಡು ಬಳಿದು, ಉಸಿರಾಡಲು ಮೂಗಿಗೆ ಎರಡು ಕೊಳವೆ ಇಟ್ಟು, "ಕಣ್ಣು ಮುಚ್ಕೋ. ಅಲ್ಲಾಡಬೇಡ" ಎಂದ. ಪ್ಲಾಸ್ಟರು ಮೊದಲು ತಣ್ಣಗಿತ್ತು, ಆಮೇಲೆ ಬಿಸಿಯಾಯಿತು, ಆಮೇಲೆ ಭಾರವಾಯಿತು. ಕತ್ತಲೆಯಲ್ಲಿ ಅವನ ದನಿ ಎಲ್ಲೋ ದೂರದಿಂದ ಬರುತ್ತಿತ್ತು, ಇನ್ನೊಂಚೂರು, ಇನ್ನೊಂಚೂರು, ಅಲ್ಲಾಡಬೇಡ. ಅಲ್ಲಾಡಬೇಡಿ, ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಹ್ಞಾಂ, ಈಗ ಬಿಡಿ. ಇದು ಅವನ ಮಾತಲ್ಲ, ಅವಳದು. ಆಸ್ಪತ್ರೆಯ ಎಕ್ಸರೇ ಕೋಣೆಯಲ್ಲಿ ಸೀಸದ ಮರೆಯ ಹಿಂದೆ ನಿಂತು ದಿನವಿಡೀ ಅವಳು ಹೇಳುತ್ತಿದ್ದದ್ದು ಇಷ್ಟೇ. ಕಿಟಕಿಯಿಲ್ಲದ ಕೋಣೆ. ಬೆಳಗ್ಗೆ ಒಳಹೊಕ್ಕರೆ ಹೊರಗೆ ಬಿಸಿಲೋ ಮೋಡವೋ ಎನ್ನುವುದು ಸಂಜೆ ಬಾಗಿಲು ತೆಗೆದಾಗಲೇ ಗೊತ್ತಾಗಬೇಕು. ಯಾರದೋ ಗದ್ದ ಎತ್ತಿ, ಯಾರದೋ ಭುಜ ಒತ್ತಿ, ತಣ್ಣನೆಯ ಹಲಗೆಗೆ ಎದೆ ಆನಿಸಿ, ಅಲ್ಲಾಡಬೇಡಿ. ಮೆಟ್ಟಿಲಿಂದ ಬಿದ್ದೆ ಎನ್ನುತ್ತ ಬರುವ ಹೆಂಗಸರು ಇರುತ್ತಿದ್ದರು. ಮೆಟ್ಟಿಲಿಂದ ಬಿದ್ದರೆ ಪಕ್ಕೆಲುಬು ಹಾಗೆ ಮುರಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ನೆಲ ನೋಡುತ್ತಿದ್ದರು, ಅವಳು ಫಿಲ್ಮು ನೋಡುತ್ತಿದ್ದಳು. ಒಂದು ಮಾತು ಕೇಳಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಕೇಳಲಿಲ್ಲ. ಮುಂದಿನವರನ್ನು ಕರೆಯುತ್ತಿದ್ದಳು.

ಹಡಗು ಹತ್ತುವ ಆಸೆ ಹುಟ್ಟಿದ್ದು ಆ ಎಕ್ಸರೇ ಕೋಣೆಯಲ್ಲೇ. ಎದುರಿಗೆ ಗೋಡೆಯಿಲ್ಲದ ಕಡೆ ಒಂದು ಕುರ್ಚಿ ಹಾಕಿಕೊಂಡು ಕೂರಬೇಕು, ಕಣ್ಣು ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ಹೋಗಲು ಬಿಡಬೇಕು. ಬೇರೇನೂ ಬೇಡ. ನಿವೃತ್ತಿಯಾದ ಮೇಲೆ ಮಾತೆತ್ತಿದಾಗ ಗಂಡ, "ನೀರಲ್ಲಿ ನೋಡೋದೇನಿದೆ? ನೀರು" ಎಂದಿದ್ದ. ಅವಳು ಪಟ್ಟು ಬಿಡಲಿಲ್ಲ. ಊಟಕ್ಕೆ ಕೂತಾಗ ಹಡಗು, ಬಟ್ಟೆ ಒಣಹಾಕುವಾಗ ಹಡಗು, ಅವನು ಪೇಪರು ಬಿಡಿಸಿದರೆ ಅದರ ಹಿಂದಿನಿಂದ ಹಡಗು. ಕೊನೆಗೆ ಸೋತು ಒಂದು ಷರತ್ತು ಹಾಕಿದ. ರೈಲು ಬೇಡ, ಬಂದರಿನವರೆಗೆ ಕಾರಿನಲ್ಲಿ ಹೋಗೋಣ. ದಾರಿಯುದ್ದಕ್ಕೂ ತನ್ನ ಗೊಂಬೆಗಳಿವೆ, ಬಣ್ಣ ಹೋಗಿದೆ ಎಂದು ಎಲ್ಲರೂ ಫೋನು ಮಾಡುತ್ತಲೇ ಇದ್ದಾರೆ, ಕೈ ನಡುಗಲು ಶುರುವಾಗುವ ಮೊದಲು ಒಂದು ಸುತ್ತು ತಿದ್ದಿ ಮುಗಿಸುತ್ತೇನೆ. ಅವಳು ಖುಷಿಯಿಂದಲೇ ಒಪ್ಪಿದ್ದಳು. ಅವನು ಗೊಂಬೆಗಳನ್ನು ಲಾರಿಯಲ್ಲಿ ಹುಲ್ಲು ತುಂಬಿ ಒಯ್ಯುತ್ತಿದ್ದ ಕಾಲದಲ್ಲಿ ಅವಳಿಗೆ ಆಸ್ಪತ್ರೆಯಿಂದ ರಜೆ ಸಿಗುತ್ತಿರಲಿಲ್ಲ, ಒಂದು ಮ್ಯೂಸಿಯಮ್ಮನ್ನೂ ಅವಳು ನೋಡಿದ್ದಿಲ್ಲ. ರಾಣಿಯನ್ನೂ ನೋಡಬಹುದಲ್ಲ ಎಂಬುದು ಒಳಗೊಳಗಿನ ಆಸೆ. ಮೊದಲನೆಯ ಊರಿನಲ್ಲಿ ಹಿಟ್ಟು ನಾದುವವಳ ಮುಂದೆ ಕಾಲು ಕಟ್ಟಿದಂತೆ ನಿಂತು, "ಇದು ನಾನಲ್ವಾ?" ಎಂದಾಗ, ಅವನು ಬ್ರಷ್ಷಿನಿಂದ ಕಣ್ಣು ಕೀಳದೆ, "ಹ್ಞೂಂ. ಅಚ್ಚು ಇತ್ತಲ್ಲ" ಎಂದಿದ್ದ. ಮನೆಯಲ್ಲಿ ಒಂದು ಪಾತ್ರೆ ಇತ್ತಲ್ಲ ಎನ್ನುವ ಹಾಗೆ.

ಕಾರು ನಾದಿನಿಯದು. ಅವಳು ಊರಲ್ಲಿ ಡ್ರೈವಿಂಗ್ ಸ್ಕೂಲು ನಡೆಸಿ ಈಚೆಗೆ ಮುಚ್ಚಿದವಳು. ಇವರನ್ನು ಹಡಗು ಹತ್ತಿಸಿ ಕಾರು ವಾಪಸು ಒಯ್ಯುವುದು ಅವಳ ಜವಾಬ್ದಾರಿ. ಸ್ಕೂಲಿನ ಕಾರೇ ಆದ್ದರಿಂದ ಡ್ರೈವರಿನ ಪಕ್ಕದ ಸೀಟಿನ ಕೆಳಗೆ ಇನ್ನೊಂದು ಬ್ರೇಕು ಇತ್ತು, ಕಲಿಸುವವರ ಬ್ರೇಕು. ಆ ಸೀಟಿನಲ್ಲಿ ಗಂಡ ಕೂತಿದ್ದ. ದಾರಿಯಲ್ಲಿ ಚಾರಿತ್ರಿಕ ಸ್ಥಳವೆಂಬ ಬೋರ್ಡು ಕಂಡಿತೋ ಇಲ್ಲವೋ ಅವನ ಕಾಲು ತಾನಾಗಿ ಕೆಳಗೆ ಹೋಗುತ್ತಿತ್ತು, ಕಾರು ಗಕ್ಕನೆ ನಿಲ್ಲುತ್ತಿತ್ತು, ಹಿಂದಿನ ಸೀಟಿನಲ್ಲಿ ಅವಳ ಹಣೆ ಮುಂದಿನ ಸೀಟಿಗೆ ಬಡಿಯುತ್ತಿತ್ತು. "ಅಣ್ಣಾ, ಕಾಲು ತೆಗಿ! ನನ್ನ ಹತ್ರ ಕಲಿಯೋಕೆ ಬಂದವರು ಕೂಡ ಇಷ್ಟು ಹೆದರಿಸಿಲ್ಲ" ಎಂದು ನಾದಿನಿ ಕೂಗಾಡುತ್ತಿದ್ದಳು. ಮುರಿದ ಸೇತುವೆ, ಅರ್ಧ ಗೋಡೆ, ಯಾರೋ ಯಾರಿಗೋ ಶರಣಾದ ಬಯಲು. ಗಂಡ ಇಳಿದು, ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಬೋರ್ಡಿನಲ್ಲಿದ್ದುದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಿದ್ದ. "ಇಲ್ಲಿ ಏನೂ ನಡೆದಿಲ್ಲ ಅಂತ ಒಂದು ಬೋರ್ಡು ಎಲ್ಲಾದ್ರೂ ಇದ್ರೆ ಹೇಳು, ಇಳಿದು ನೋಡ್ತೀನಿ" ಎಂದು ನಾದಿನಿ ಕಾರಿನಲ್ಲೇ ಕೂತಿರುತ್ತಿದ್ದಳು. ಹಿಂದಿನ ಸೀಟಿನಿಂದ ಅವಳೂ ಇಳಿಯುತ್ತಿರಲಿಲ್ಲ. ಹಣೆ ಉಜ್ಜಿಕೊಳ್ಳುತ್ತ, ಬಯಲಿನ ಕೊನೆಯಲ್ಲಿ ಆಕಾಶ ನೆಲಕ್ಕೆ ತಾಗುವ ಗೆರೆಯನ್ನು ನೋಡುತ್ತಿದ್ದಳು. ಹಡಗಿನ ಮೇಲಿಂದ ಆ ಗೆರೆ ಸುತ್ತಲೂ ಕಾಣುತ್ತದಂತೆ.

ಮೂರನೆಯ ಊರಿನಲ್ಲಿ, ನೂಲುವವಳ ಮುಂದೆ ಇನ್ನೂ ನಿಂತಿರುವಾಗಲೇ, ಶಾಲೆಯ ಹೆಣ್ಣುಮಕ್ಕಳ ಒಂದು ಗುಂಪು ಒಳಗೆ ಬಂತು. ಜೊತೆಗೆ ಗೈಡು, ದಪ್ಪ ಕನ್ನಡಕದ ಹೆಂಗಸು. ಅವಳು ಕೋಲು ಚಾಚಿ ಕಮ್ಮಾರನನ್ನು ತೋರಿಸಿದಳು, ಅವನ ಹೆಸರು ಹೇಳಿದಳು, ಅವನು ಯಾವ ದಂಗೆಗೆ ಕತ್ತಿ ಬಡಿದುಕೊಟ್ಟನೆಂದು ಹೇಳಿದಳು. ಆಮೇಲೆ ಕೋಲು ಕೆಳಗಿಳಿಯಿತು. "ಇವಳನ್ನ ನೋಡಿ. ಆ ಕಾಲದ ಹೆಂಗಸರು ಎಷ್ಟು ವಿನಯವಂತರು ನೋಡಿ. ಪರರ ಎದುರು ಯಾರೂ ಕಣ್ಣೆತ್ತಿ ನೋಡ್ತಿರಲಿಲ್ಲ. ಯಾವ ಊರಿನ ಮ್ಯೂಸಿಯಮ್ಮಿಗೆ ಬೇಕಾದ್ರೂ ಹೋಗಿ, ಎಲ್ಲಾ ಕಡೆ ಹೀಗೇನೇ. ಅದೇ ಆ ಕಾಲದ ಸಂಸ್ಕಾರ." ಹೆಣ್ಣುಮಕ್ಕಳು ನೋಡಿದರು. ಎರಡು ಜಡೆಯ ಹುಡುಗಿಯೊಬ್ಬಳು ತನ್ನ ಕಣ್ಣನ್ನೂ ಹಾಗೇ ಇಳಿಸಿ ನೋಡಿಕೊಂಡಳು, ಪಕ್ಕದವಳು ಕಿಸಕ್ಕನೆ ನಕ್ಕಳು. ನೂಲುವವಳ ಮುಂದೆ ನಿಂತಿದ್ದ ಅವಳಿಗೆ ಕೂಗಿಬಿಡಬೇಕೆನ್ನಿಸಿತು. ಸಂಸ್ಕಾರವೂ ಅಲ್ಲ, ಸುಡುಗಾಡೂ ಅಲ್ಲ, ಕಣ್ಣು ಬಿಟ್ಟಿದ್ದರೆ ಪ್ಲಾಸ್ಟರು ಒಳಗೆ ಹೋಗುತ್ತಿತ್ತು, ಅದಕ್ಕೇ ಮುಚ್ಚಿಕೊಂಡಿದ್ದೆ! ಒಂದು ಹೆಜ್ಜೆ ಮುಂದಿಟ್ಟಳು. ಗೈಡು ಅವಳತ್ತ ತಿರುಗಿ, ಮುಖವನ್ನು ಒಂದು ಕ್ಷಣ ನೋಡಿ, "ಸ್ವಲ್ಪ ಸರೀತೀರಾ, ಮಕ್ಕಳಿಗೆ ಕಾಣಲ್ಲ" ಎಂದಳು. ಅವಳು ಸರಿದು ನಿಂತಳು. ಸರಿದದ್ದಕ್ಕೆ ಆಮೇಲೆ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು.

ಮಾರನೆಯ ದಿನ ಇನ್ನೊಂದು ಯುದ್ಧಭೂಮಿಯ ಅಂಚಿನಲ್ಲಿ, ಮರದ ಕೆಳಗೆ ಫ್ಲಾಸ್ಕಿನ ಕಾಫಿ ಕುಡಿಯುತ್ತಿರುವಾಗ ಕೇಳಿಯೇಬಿಟ್ಟಳು. "ಗಂಡಸರಿಗೆಲ್ಲ ಕಣ್ಣಿದೆ. ನನಗ್ಯಾಕಿಲ್ಲ?" ಗಂಡನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. "ಗಂಡಸರಿಗೆ ಹೆಸರಿತ್ತು ಕಣೇ. ಹಳೇ ಚಿತ್ರಗಳಿದ್ವು. ಇಂಥವನು ಹೀಗೇ ಇರಬೇಕು ಅಂತ ಕಮಿಟಿಯವರು ಹಟ ಮಾಡೋರು. ಅದಕ್ಕೆ ಒಂದೊಂದು ಮುಖಾನೂ ಮಣ್ಣಲ್ಲಿ ಹೊಸದಾಗಿ ಮಾಡ್ತಿದ್ದೆ, ಗಾಜಿನ ಕಣ್ಣು ತರಿಸ್ತಿದ್ದೆ. ಹೆಂಗಸರಿಗೆ ಹೆಸರೇನಿತ್ತು? ಹಿಟ್ಟು ನಾದೋಳು, ನೂಲೋಳು. ಒಂದು ಅಚ್ಚಿದ್ರೆ ಆಯ್ತು." ಅವನು ಲೋಟದ ತಳದ ಕಾಫಿಯನ್ನು ಹುಲ್ಲಿಗೆ ಚೆಲ್ಲಿದ. "ಮುಚ್ಚಿದ ಕಣ್ಣನ್ನ ಕೊರೆದು ಬಿಡಿಸೋದು ಸುಲಭ ಅಲ್ಲ. ಒಂದು ಕೂದಲೆಳೆ ತಪ್ಪಿದ್ರೂ ಮಾಲುಗಣ್ಣು. ತಲೆ ಬಗ್ಗಿಸಿಬಿಟ್ರೆ ಯಾರಿಗೂ ಗೊತ್ತಾಗಲ್ಲ, ಕೆಲಸ ನೋಡ್ತಿದಾಳೆ ಅಂದ್ಕೋತಾರೆ." ಅವನ ದನಿಯಲ್ಲಿ ಅಳುಕಿಲ್ಲ, ಕೆಲಸಗಾರನ ಸಣ್ಣ ಹೆಮ್ಮೆ ಕೂಡ ಇತ್ತು. ನಾದಿನಿ ಕೇಳಿ, "ಅಂದ್ರೆ ನಿನಗೆ ಕಣ್ಣು ಮಾಡೋಕೆ ಬರ್ತಿರಲಿಲ್ಲ ಅನ್ನು. ಅದಕ್ಕೆ ಇಡೀ ಚರಿತ್ರೇಲಿ ಹೆಂಗಸರೆಲ್ಲ ನೆಲ ನೋಡ್ಕೊಂಡು ಇದ್ರು" ಎಂದಳು. ಅವನು ನಕ್ಕ. ಅವಳು ನಗಲಿಲ್ಲ. "ರಾಣಿಗೆ ಬಿಡಿಸಿದೀರಲ್ಲ, ಕಣ್ಣು?" ಎಂದಳು. ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದ. ಅದು ಆಗಲೇ ಬಿಗಿಯಾಗಿತ್ತು, ಆದರೂ ತಿರುಗಿಸಿದ. "ರಾಣಿಗೆ ಕಣ್ಣಿದೆ" ಎಂದ.

ಇದೆಯಲ್ಲ, ಸಾಕು. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಮಹಾರಾಣಿ ಎಂದೇ ಕರೆಯುತ್ತಿದ್ದರು. ಶುರುವಾದದ್ದು ಅವಳ ಬಾಯಿಂದಲೇ. ಅಚ್ಚು ತೆಗೆದ ಮರುದಿನ ಹುಬ್ಬಿನಲ್ಲಿ ಇನ್ನೂ ಪ್ಲಾಸ್ಟರಿನ ಚೂರು ಇಟ್ಟುಕೊಂಡೇ ಕೆಲಸಕ್ಕೆ ಹೋಗಿ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದಳು. ಮೊದಲು ತಮಾಷೆಗೆ ಕರೆದರು, ಆಮೇಲೆ ರೂಢಿಯಾಯಿತು, ಆಮೇಲೆ ಹೊಸ ಡಾಕ್ಟರುಗಳು ಅದೇ ಹೆಸರೆಂದುಕೊಂಡರು. ಮಹಾರಾಣಿ, ಈ ಕೈ ಸ್ವಲ್ಪ ನೋಡಿ. ಮಹಾರಾಣಿ ರಜೆಯಂತೆ, ನಾಳೆ ಬನ್ನಿ. ಕಿಟಕಿಯಿಲ್ಲದ ಕೋಣೆಯಲ್ಲಿ ಆ ಹೆಸರೊಂದೇ ಕಿಟಕಿ. ಎಲ್ಲೋ ಬಂದರಿನ ಊರಿನಲ್ಲಿ ತನ್ನ ಮುಖ ಕಿರೀಟವಿಟ್ಟುಕೊಂಡು ಸಮುದ್ರ ನೋಡುತ್ತಿದೆ ಎಂದು ನೆನೆದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಫಿಲ್ಮು ತೊಳೆಯುವ ಕತ್ತಲಕೋಣೆಯ ಆಯಾ, ಅವಳ ಒಬ್ಬಳೇ ಗೆಳತಿ, ಒಮ್ಮೆ ತಮ್ಮನ ಮನೆಗೆಂದು ಆ ಊರಿಗೆ ಹೋಗಿದ್ದಳು. "ಮ್ಯೂಸಿಯಮ್ಮಿಗೆ ಹೋಗಿ ಬಾರೇ, ನನ್ನನ್ನ ನೋಡ್ಕೊಂಡು ಬಾ" ಎಂದು ಇವಳೇ ಪ್ರಾಣ ತಿಂದಿದ್ದಳು. ಆಯಾ ಹೋಗಿ ಬಂದಳು. "ನೋಡ್ದೆ. ಥೇಟ್ ನೀವೇ" ಎಂದಳು. ಕಿರೀಟ ಹೇಗಿದೆ? "ಇದೆ, ಹೊಳೀತಾ ಇದೆ." ಆಮೇಲೆ ಕತ್ತಲಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೆಲಸವಿರಬೇಕು ಎಂದು ಇವಳು ಅಂದುಕೊಂಡಿದ್ದಳು. ನಿವೃತ್ತಿಯ ದಿನ ಎಲ್ಲರೂ ಸೇರಿ ಕಾಗದದ ಕಿರೀಟ ಮಾಡಿ ತಲೆಗಿಟ್ಟಾಗ, ಚಪ್ಪಾಳೆಯ ನಡುವೆ ಆಯಾ ಒಬ್ಬಳೇ ಅಳುತ್ತಿದ್ದಳು. ಅಗಲುವ ದುಃಖ ಎಂದುಕೊಂಡಿದ್ದಳು.

ಬಂದರಿನ ಊರು ತಲುಪಿದಾಗ ಬಿಸಿಲು ನೆತ್ತಿಯಿಂದ ಇಳಿದಿತ್ತು. ಬೀದಿಯ ತುದಿಯಲ್ಲಿ, ಗೋದಾಮುಗಳ ಮೇಲೆ, ಬೆಳ್ಳಗೆ ಏನೋ ಎತ್ತರದಲ್ಲಿ ನಿಂತಿತ್ತು. ಕಟ್ಟಡವೆಂದುಕೊಂಡಳು, ಆಮೇಲೆ ಅದಕ್ಕೆ ಹೊಗೆಕೊಳವೆ ಕಂಡಿತು. ಹಡಗು. ಅವಳ ಕೈ ತಾನಾಗಿ ಬಾಯಿಗೆ ಹೋಯಿತು. ಅಷ್ಟು ದೊಡ್ಡದಿರುತ್ತದೆಂದು ಯಾರೂ ಹೇಳಿರಲಿಲ್ಲ. ಆ ಬೀದಿಯ ಎಡಕ್ಕೇ ಹಳೆಯ ಸುಂಕದ ಕಟ್ಟೆ, ಈಗ ಅದೇ ಮ್ಯೂಸಿಯಮ್ಮು, ಬಾಗಿಲ ಮೇಲೆ ಎಲ್ಲ ಊರುಗಳಿಗಿಂತ ದೊಡ್ಡ ಬೋರ್ಡು. ಮುರಿದ ಗೋಡೆಗೆಲ್ಲ ಬ್ರೇಕು ಒತ್ತುತ್ತ ಬಂದ ಗಂಡನ ಕಾಲು ಅಲ್ಲಾಡಲಿಲ್ಲ. ಕಾರು ಬೋರ್ಡನ್ನು ದಾಟಿತು. "ನಿಲ್ಸು" ಎಂದಳು ಅವಳು ಹಿಂದಿನಿಂದ. ಗಂಡ ತಿರುಗದೆ, "ಟೈಮಿಲ್ಲ. ಸಾಮಾನು ಕೊಡಬೇಕು, ಚೀಟಿ ತೋರಿಸಬೇಕು, ಅಲ್ಲಿ ದೊಡ್ಡ ಸಾಲು ಇರತ್ತೆ. ಇದನ್ನ ಬರುವಾಗ ನೋಡಿದ್ರಾಯ್ತು" ಎಂದ. ಚರಿತ್ರೆಯನ್ನು ಮುಂದಕ್ಕೆ ಹಾಕುವ ಮಾತು ಅವನ ಬಾಯಲ್ಲಿ ಈ ಪ್ರಯಾಣದಲ್ಲಿ ಇದೇ ಮೊದಲು. ನಾದಿನಿ ಕನ್ನಡಿಯಲ್ಲಿ ಅತ್ತಿಗೆಯ ಮುಖ ನೋಡಿದಳು, ಬ್ರೇಕು ಹಾಕಿದಳು. "ಒಂದು ನಿಮಿಷದ ಕೆಲಸ ಅಣ್ಣಾ. ರಾಣಿ ನೋಡದೆ ಅತ್ತಿಗೆ ಹಡಗು ಹತ್ತಲ್ಲ, ಬರ್ದಿಟ್ಕೋ."

ಒಳಗೆ ತಂಪಾಗಿತ್ತು, ನುಸಿಗುಳಿಗೆಯ ವಾಸನೆ. ಮೇಲ್ವಿಚಾರಕ, ಬಿಗಿ ಕಾಲರಿನ ನಗುಮುಖದವನು, ಓಡಿ ಬಂದು ಗಂಡನ ಕೈ ಕುಲುಕಿ, ಬಣ್ಣದ ಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡ. "ಎಷ್ಟು ಸಲ ಫೋನ್ ಮಾಡಿದೀನಿ ಸಾರ್! ರಾಣಿ ಕಿರೀಟ ಪೂರ್ತಿ ಕಪ್ಪಾಗಿದೆ. ಅದೊಂದು ಮಾಡ್ಕೊಟ್ಟುಬಿಡಿ." ಕೊನೆಯ ಕೋಣೆಯಲ್ಲಿ, ಸಮುದ್ರದ ಕಡೆಯ ದೊಡ್ಡ ಕಿಟಕಿಯ ಎದುರು, ತಗ್ಗಾದ ಕಟ್ಟೆಯ ಮೇಲೆ ರಾಣಿ ನಿಂತಿದ್ದಳು. ನೀಳ ಮೂಗು, ಸಣ್ಣ ಬಾಯಿ, ಗಾಜಿನ ಹೊಳೆಯುವ ಕಣ್ಣು. ಅವಳು ಆ ಮುಖದಲ್ಲಿ ತನ್ನ ಮುಖವನ್ನು ಹುಡುಕಿದಳು. ಗದ್ದದ ಗೀರು ಹುಡುಕಿದಳು. ಗದ್ದ ಚೆಂಡಿನಷ್ಟು ನುಣ್ಣಗಿತ್ತು. ಆಮೇಲೆ, ಬೇಡವೆನ್ನುತ್ತಿದ್ದರೂ, ಕಣ್ಣು ಕೆಳಗಿಳಿಯಿತು. ರಾಣಿಯ ಕಾಲ ಬಳಿ, ಮೊಣಕಾಲೂರಿ, ರಾಣಿಯ ನಿಲುವಂಗಿಯ ಅಂಚು ಕೆಸರಿಗೆ ತಾಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, ರೆಪ್ಪೆ ಇಳಿಸಿಕೊಂಡು, ಅವಳಿದ್ದಳು. ಚಪ್ಪಟೆ ಮೂಗು, ಉಬ್ಬಿದ ತುಟಿ, ಗೀರು. ಗೋಡೆಯ ಮೇಲಿನ ಹಲಗೆಯಲ್ಲಿ, ರಾಣಿ ಕೋಟೆ ಬಿಟ್ಟ ದಿನ, ಎಂದಿತ್ತು.

ಥೇಟ್ ನೀವೇ. ಕಿರೀಟ ಇದೆ, ಹೊಳೀತಾ ಇದೆ. ಆಯಾ ಸುಳ್ಳು ಹೇಳಿರಲಿಲ್ಲ, ಒಂದಕ್ಷರವೂ ಸುಳ್ಳಲ್ಲ. ಕಾಗದದ ಕಿರೀಟ ತಲೆಗಿಟ್ಟಾಗ ಆಯಾ ಅತ್ತದ್ದೇಕೆಂದು ಅವಳಿಗೆ ಈಗ ತಿಳಿಯಿತು. ಇಡೀ ಆಸ್ಪತ್ರೆ ಮಹಾರಾಣಿ ಎನ್ನುವಾಗ ಆ ಒಬ್ಬಳು ಕತ್ತಲಲ್ಲಿ ನಿಂತು ಫಿಲ್ಮು ತೊಳೆಯುತ್ತ ಈ ಮುಖವನ್ನು ನೆನೆಯುತ್ತಿದ್ದಳು. ಗಂಡ ಹಿಂದೆ ಬಂದು ನಿಂತಿದ್ದ. "ಕಮಿಟಿಯವರು ಒಪ್ಪಲಿಲ್ಲ ಕಣೇ. ರಾಣಿಗೆ ಈ ಮೂಗು ಇರಲ್ಲ ಅಂದ್ರು. ಮೊದಲನೇ ದೊಡ್ಡ ಕೆಲಸ, ನಾನೇನ್ಮಾಡ್ಲಿ?" "ಮನೆಗೆ ಬಂದು ಹೇಳಬಹುದಿತ್ತು." "ಹೇಗೆ ಹೇಳ್ಲಿ? ನೀನು ಅಷ್ಟರಲ್ಲಿ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೆ. ಮಾಡಿದ ಅಚ್ಚು ದಂಡ ಆಗೋದು ಬೇಡ ಅಂತ ಇಲ್ಲಿ ಕೂರಿಸಿದೆ." ಆಮೇಲೆ ದಂಡ ಆಗೋದು ಬೇಡ ಅಂತ ಹಿಟ್ಟಿನ ಮುಂದೆ ಕೂರಿಸಿದಿರಿ, ಸಿಪಾಯಿಯ ಕಾಲಿಗೆ ಕೂರಿಸಿದಿರಿ, ರಾಟೆಗೆ ಕೂರಿಸಿದಿರಿ. ಅವಳ ಮೈಯೆಲ್ಲ ಉರಿಯುತ್ತಿತ್ತು. ನಾಚಿಕೆಯಾಗಲಿಲ್ಲ, ಅಳುವೂ ಬರಲಿಲ್ಲ, ಅದೇ ಅವಳಿಗೆ ಸೋಜಿಗ. ಮೂಗು ಮುಟ್ಟಿ ನೋಡಿಕೊಂಡಳು. ಚೆನ್ನಾಗಿಯೇ ಇದೆ. ಇದೇ ಮೂಗಿನಲ್ಲಿ ಅರವತ್ತು ವರ್ಷ ಉಸಿರಾಡಿದ್ದೇನೆ, ಯಾವ ಕಮಿಟಿಯನ್ನೂ ಕೇಳಿಲ್ಲ.

"ಈ ಸೇವಕಿ ಆಮೇಲೆ ಏನಾದ್ಲು?" ಎಂದು ಮೇಲ್ವಿಚಾರಕನನ್ನು ಕೇಳಿದಳು. ಅವನು ಅವಳತ್ತ ನೋಡಿದ, ಗೊಂಬೆಯತ್ತ ನೋಡಿದ, ಏನೂ ಹೊಳೆದ ಹಾಗೆ ಕಾಣಲಿಲ್ಲ. "ರಾಣಿ ಹಡಗು ಹತ್ತಿದ್ರು, ಅಲ್ಲಿವರೆಗೆ ಚರಿತ್ರೆ ಇದೆ ಮೇಡಂ. ಇವಳದ್ದು ಎಲ್ಲೂ ಇಲ್ಲ." ಗಂಡ ಆಗಲೇ ಹಗ್ಗ ದಾಟಿ, ಪೆಟ್ಟಿಗೆ ತೆರೆದು, ಬಂಗಾರದ ಬಣ್ಣ ಕಲಕುತ್ತಿದ್ದ; ಬೇಗ ಮುಗಿಸಿ ಇಲ್ಲಿಂದ ಕಾಲು ಕೀಳುವ ಅವಸರ ಅವನ ಬೆನ್ನಿನಲ್ಲೇ ಕಾಣುತ್ತಿತ್ತು. ಸೇವಕಿಯ ಹಣೆಯ ಮೇಲೆ ಬಣ್ಣ ಎದ್ದಿದೆಯಲ್ಲ ಎಂದು ನಾದಿನಿ ತೋರಿಸಿದಾಗ ಮೇಲ್ವಿಚಾರಕ ಕೈಯಾಡಿಸಿದ. "ಬಿಡಿ ಮೇಡಂ, ಅವಳನ್ನ ಯಾರು ನೋಡ್ತಾರೆ?"

ಅವಳು ಹಗ್ಗ ಎತ್ತಿದಳು. ಬಗ್ಗಿ ಕೆಳಗಿನಿಂದ ನುಸುಳಬಹುದಿತ್ತು. ನುಸುಳಲಿಲ್ಲ, ಕೊಂಡಿಯಿಂದ ಬಿಚ್ಚಿ ನೆಲಕ್ಕೆ ಹಾಕಿ ನೆಟ್ಟಗೆ ನಡೆದುಹೋದಳು. ಗಂಡನ ಪೆಟ್ಟಿಗೆಯಿಂದ ಒದ್ದೆ ಬಟ್ಟೆ ತೆಗೆದುಕೊಂಡು, ಸೇವಕಿಯ ಎದುರು ತಾನೂ ಮೊಣಕಾಲೂರಿ ಕೂತು, ಮುಖ ಒರೆಸಿದಳು. ಹಣೆ, ಕೆನ್ನೆ, ತುಟಿಯ ಸಂದು. ಧೂಳು ಎಷ್ಟಿತ್ತೆಂದರೆ ಬಟ್ಟೆ ಕರ್ರಗಾಯಿತು. ಎಷ್ಟೋ ಮುಖಗಳನ್ನು ಹೀಗೆ ಎರಡು ಬೆರಳಲ್ಲಿ ಗದ್ದ ಹಿಡಿದು ತಿರುಗಿಸಿದ ಕೈ. "ಸಣ್ಣ ಬ್ರಷ್ ಕೊಡಿ" ಎಂದಳು. ಗಂಡ ಕೊಡಲಿಲ್ಲ. "ಏನ್ಮಾಡ್ತೀಯ? ಹಾಳು ಮಾಡ್ಬೇಡ್ವೇ. ಕೊರೀದೆ ಮೇಲಿಂದ ಬರೆದ್ರೆ ಅಸಹ್ಯವಾಗಿ ಕಾಣತ್ತೆ, ಮಾಲುಗಣ್ಣಾಗತ್ತೆ." "ಆಗ್ಲಿ" ಎಂದು ಅವನ ಕೈಯಿಂದಲೇ ಬ್ರಷ್ಷು ಕಿತ್ತುಕೊಂಡಳು. ಮೇಲ್ವಿಚಾರಕ, "ಮೇಡಂ, ಹಾಗೆಲ್ಲ ಮುಟ್ಟಬಾರದು, ಇದು ಸಂಗ್ರಹಾಲಯದ ಆಸ್ತಿ" ಎನ್ನುತ್ತ ಮುಂದೆ ಬಂದ. ಅವಳು ತಿರುಗಿದಳು. ಎಕ್ಸರೇ ಕೋಣೆಯಲ್ಲಿ ದೊಡ್ಡ ಡಾಕ್ಟರುಗಳನ್ನೂ ಬಾಗಿಲಾಚೆ ನಿಲ್ಲಿಸುತ್ತಿದ್ದ ದನಿ ಗಂಟಲಿನಲ್ಲಿ ಇನ್ನೂ ಇತ್ತು. "ನನ್ನ ಮುಖ ಕಣ್ರೀ ಇದು. ಸರಿಯಾಗಿ ನೋಡಿ. ನೋಡಿದ್ರಾ? ಹಾಗಾದ್ರೆ ಅಲ್ಲೇ ನಿಂತ್ಕೊಳ್ಳಿ." ಅವನು ಗೊಂಬೆಯನ್ನೂ ಅವಳನ್ನೂ ನೋಡಿದ, ಈ ಸಲ ನಿಜವಾಗಿ ನೋಡಿದ. ಅಲ್ಲೇ ನಿಂತ. ನಾದಿನಿ ಬಿದ್ದಿದ್ದ ಹಗ್ಗವನ್ನು ಎತ್ತಿಕೊಂಡು ಕೈಗೆ ಸುತ್ತಿಕೊಳ್ಳುತ್ತ ಬಾಗಿಲಿಗೆ ಅಡ್ಡ ನಿಂತಳು.

ಇಳಿದ ರೆಪ್ಪೆಯ ಮೇಲೇ ಬಿಳಿ ಹಚ್ಚಿದಳು. ಗಂಡ ಹೇಳಿದ್ದು ಸರಿ, ಸುಲಭವಲ್ಲ. ಉಬ್ಬಿದ ಜಾಗದಲ್ಲಿ ಬಿಳಿ ನಿಲ್ಲುತ್ತಿರಲಿಲ್ಲ, ಜಾರುತ್ತಿತ್ತು. ಬೆರಳಿನಿಂದ ಒರೆಸಿ ಮತ್ತೆ ಹಚ್ಚಿದಳು. ಆಮೇಲೆ ಕಪ್ಪು. ಎಲ್ಲಿ ನೋಡಬೇಕು ಈ ಕಣ್ಣು? ತಲೆಯೆತ್ತಿ ರಾಣಿಯನ್ನು ನೋಡಿದಳು. ಹತ್ತಿರದಿಂದ ರಾಣಿಯ ಗಾಜಿನ ಕಣ್ಣಿನಲ್ಲಿ ಟ್ಯೂಬ್‌ಲೈಟು ಬಿಟ್ಟರೆ ಏನೂ ಇರಲಿಲ್ಲ. ಆ ಕಿರೀಟವನ್ನು ಈಗ ಯಾರಾದರೂ ಕೈಮುಗಿದು ಕೊಟ್ಟರೂ ಬೇಡ. ಕಣ್ಣು ಬೇಕು, ಅಷ್ಟೆ. ಕಪ್ಪನ್ನು ಕಿಟಕಿಯ ಕಡೆಗೆ ಇಟ್ಟಳು. ಒಂದು ಕಣ್ಣು ತೆರೆಯಿತು. ಓರೆಯಾಗಿತ್ತು, ಅಗತ್ಯಕ್ಕಿಂತ ದೊಡ್ಡದಾಗಿತ್ತು, ಯಾರನ್ನೋ ಈಗಲೇ ಏನೋ ಕೇಳಿಬಿಡುವ ಹಾಗಿತ್ತು. ಮೆಟ್ಟಿಲಿಂದ ಬಿದ್ದಿರಾ? ನಿಜವಾಗಿ? ಅವಳಿಗೆ ಎದೆ ತುಂಬಿ ಬಂತು, ನಗುವೂ ಬಂತು.

ಆಗ ಹಡಗು ಕೂಗಿತು. ಕಿಟಕಿಯ ಗಾಜು ಸಣ್ಣಗೆ ನಡುಗಿತು. "ಇದು ಮೊದಲನೇ ಕೂಗು" ಎಂದ ಮೇಲ್ವಿಚಾರಕ, ಕಾಲರಿನೊಳಗೆ ಬೆರಳಾಡಿಸುತ್ತ. "ಎರಡನೇದಕ್ಕೆ ಏಣಿ ಎಳೆದುಬಿಡ್ತಾರೆ." ನಾದಿನಿ ಕೀಲಿ ಕೈಗೆ ತೆಗೆದುಕೊಂಡಳು. "ಅತ್ತಿಗೆ, ಈಗ ಹೊರಟ್ರೆ ನಾನು ಮುಟ್ಟಿಸ್ತೀನಿ. ಬ್ರೇಕಿಗೆ ಯಾರೂ ಕಾಲು ಹಾಕದಿದ್ರೆ ಸಾಕು." ಅವಳು ಕಿಟಕಿಯಾಚೆ ನೋಡಿದಳು. ಹಡಗಿನ ಮೇಲಂತಸ್ತಿನಲ್ಲಿ ಸಾಲಾಗಿ ಬಿಳಿ ಕುರ್ಚಿಗಳು ಕಾಣುತ್ತಿದ್ದವು. ಅದರಲ್ಲೊಂದು ಅವಳದು. ಅದರ ಮುಂದೆ ಗೋಡೆಯಿಲ್ಲ, ಬಾಗಿಲಿಲ್ಲ, ಕಣ್ಣು ಹೋದಷ್ಟು ದೂರ ನೀರು. ಎಷ್ಟು ವರ್ಷ ಆಸೆಪಟ್ಟಿದ್ದಳೆಂದು ಅವಳಿಗೊಬ್ಬಳಿಗೇ ಗೊತ್ತು. ಮತ್ತೆ ಸೇವಕಿಯ ಕಡೆ ತಿರುಗಿದಳು. ಒಂದು ಕಣ್ಣು ತೆರೆದು, ಒಂದು ಮುಚ್ಚಿ, ಅವಳು ಕಿಟಕಿಯ ಕಡೆ ನೋಡುತ್ತ ಕಾಯುತ್ತಿದ್ದಳು. ಹೀಗೇ ಬಿಟ್ಟುಹೋದರೆ ನಾಳೆ ಬೆಳಗ್ಗೆ ಒಂದು ಒದ್ದೆ ಬಟ್ಟೆ ಸಾಕು, ಯಾರ ಕೈಯೋ ತಪ್ಪಿ ಬಿದ್ದ ಬಣ್ಣವೆಂದು ಒರೆಸಿಹಾಕುತ್ತಾರೆ.

"ಏಳೇ, ನಿನಗೆ ಕೈ ಮುಗೀತೀನಿ" ಎಂದ ಗಂಡ. "ನೀನೇ ಅಲ್ವಾ ಹಡಗು ಹಡಗು ಅಂತ ನನ್ನ ಜೀವ ತಿಂದೋಳು? ಹೋಗಿಬಿಡತ್ತೆ ಅದು."

"ಹೋಗ್ಲಿ" ಎಂದಳು ಅವಳು. ಬಿಳಿ ಬಣ್ಣದ ಡಬ್ಬಿಯನ್ನು ಎತ್ತಿ ಅವನ ಎರಡೂ ಕೈಗೆ ಕೊಟ್ಟು, ತನಗೆ ಬೇಕಾದ ಎತ್ತರಕ್ಕೆ ಬರುವ ತನಕ ಅವನ ಮೊಣಕೈ ಹಿಡಿದು ಕೆಳಗೆ ಒತ್ತಿದಳು. ಅವನು ಗೊಣಗುತ್ತ ಮೊಣಕಾಲೂರಿದ, ಸೇವಕಿಯ ಪಕ್ಕದಲ್ಲೇ. ಹೊರಗೆ ಎರಡನೆಯ ಕೂಗು ಎದ್ದಿತು, ಮೊದಲಿನದಕ್ಕಿಂತ ಉದ್ದವಾಗಿ. ಅವಳು ಬ್ರಷ್ಷು ಅದ್ದಿದಳು.

"ಇನ್ನೊಂದು ಕಣ್ಣಿದೆ. ಡಬ್ಬಿ ಸರಿಯಾಗಿ ಹಿಡ್ಕೊಳ್ಳಿ. ಅಲ್ಲಾಡಬೇಡಿ."